ಹರಾಜಿನಲ್ಲಿ ಕೂಗೋ ಮುಂಚೆ ಗಾಡಿ ಯಾರದು ಅಂತ ಕೇಳಿ

ಹೋದ ವಾರ ತಿಪಟೂರಿಗೆ ಕೊಬ್ಬರಿ ಹಾಕೋಕೆ ಹೋದಾಗ ನಾಕು ಜನ ಒಂದೇ ಮಾತು ಕೇಳಿದ್ರು. "ಏನಪ್ಪಾ, ಲಕ್ಷದ ಮೇಲೆ ಸುರಿದು ಗುಜರಿ ಟ್ರ್ಯಾಕ್ಟರ್ ತಂದು ನಿಲ್ಲಿಸಿದ್ದೀಯಂತೆ?" ಹೌದು, ತಂದಿದ್ದೀನಿ. 1979ರ ಎಚ್‌ಎಂಟಿ ಜೀಟರ್ 2511. ಎರಡು ಸಿಲಿಂಡರ್, ಇಪ್ಪತ್ತೈದು ಎಚ್‌ಪಿ. ಹರಾಜಿನಲ್ಲಿ ತಗೊಂಡಿದ್ದು. ಎಷ್ಟು ಖರ್ಚಾಯ್ತು ಅಂತ ಕೊನೇಲಿ ಪೈಸೆ ಸಮೇತ ಹೇಳ್ತೀನಿ, ಮುಚ್ಚಿಡೋದೇನೂ ಇಲ್ಲ. ಆದರೆ ಇವತ್ತು ಬರೆಯೋಕೆ ಕೂತದ್ದು ದುಡ್ಡಿನ ವಿಚಾರಕ್ಕಲ್ಲ. ಆ ಹರಾಜಿನಲ್ಲಿ ನಾನೊಂದು ತಪ್ಪು ಮಾಡಿದೆ. ನಿಮ್ಮಲ್ಲೂ ಕೆಲವರು ಈಗೀಗ ಹಳೇ ಗಾಡಿ ಹುಡುಕ್ತಾ ಇದ್ದೀರಿ ಅಂತ ಗೊತ್ತು, ಅದಕ್ಕೇ ಹೇಳ್ತಿದ್ದೀನಿ.

ಮೊದಲು 2511 ಯಾಕೆ ಅಂತ ಹೇಳಿಬಿಡ್ತೀನಿ. ಎಚ್‌ಎಂಟಿ ಅಂದ್ರೆ ನಮ್ಮ ಜಿಲ್ಲೆಯವರಿಗೆ ವಾಚು. ತುಮಕೂರಿನಲ್ಲೇ ಫ್ಯಾಕ್ಟರಿ ಇತ್ತು, ಮದುವೇಲಿ ಗಂಡಿಗೆ ಎಚ್‌ಎಂಟಿ ವಾಚು ಕೊಡದ ಮಾವ ಇರಲಿಲ್ಲ. ಅದೇ ಬೆಂಗಳೂರಿನ ಕಂಪನಿ ಟ್ರ್ಯಾಕ್ಟರೂ ಮಾಡ್ತಿತ್ತು, ಹರಿಯಾಣದ ಪಿಂಜೋರಿನಲ್ಲಿ, 1971ರ ಹೊತ್ತಿಗೆ ಶುರು ಮಾಡಿ. ಮೂಲ ವಿನ್ಯಾಸ ಜೆಕೊಸ್ಲೊವಾಕಿಯಾದ ಬ್ರನೋ ಅನ್ನೋ ಊರಿನ ಜೀಟರ್ ಕಂಪನಿಯದು. 2016ರಲ್ಲಿ ಕೇಂದ್ರ ಸರ್ಕಾರ ಪಿಂಜೋರಿನ ಟ್ರ್ಯಾಕ್ಟರ್ ಘಟಕ ಮುಚ್ಚೋಕೆ ಒಪ್ಪಿಗೆ ಕೊಡ್ತು. ಅಲ್ಲಿಗೆ ಮುಗೀತು. ಇನ್ನು ಹೊಸ ಎಚ್‌ಎಂಟಿ ಬರಲ್ಲ, ಇರೋವೇ ಉಳಿಬೇಕು.

ನಾನು ಪ್ರೈಮರಿ ಸ್ಕೂಲಲ್ಲಿದ್ದಾಗ ನಮ್ಮ ಹೊಲಕ್ಕೆ ಮೊದಲು ಬಾಡಿಗೆಗೆ ಬಂದ ಟ್ರ್ಯಾಕ್ಟರ್ ಇದೇ ಜಾತಿಯದು. ಮೂರು ಸಿಲಿಂಡರಿನವು ಗುಂಯ್ ಅಂತ ಒಂದೇ ಸಮ ಓಡ್ತವೆ. ಇದು ಹಾಗಲ್ಲ, ಒನಕೆ ಕುಟ್ಟಿದ ಹಾಗೆ ಬಿಟ್ಟು ಬಿಟ್ಟು ಹೊಡೆಯುತ್ತೆ. ಊರಾಚೆ ಕೆರೆ ಏರಿ ಮೇಲೆ ಬರ್ತಿದ್ರೆ ಮನೇಲಿ ಕೂತೇ ಗೊತ್ತಾಗೋದು. ನಮ್ಮಪ್ಪ ಎರಡು ದಿನದಲ್ಲಿ ಎತ್ತಿನಲ್ಲಿ ಹೊಡೆಯೋ ಹೊಲವನ್ನ ಅದು ಮಧ್ಯಾಹ್ನದ ಮುದ್ದೆ ಹೊತ್ತಿಗೆ ಮುಗಿಸಿತ್ತು. ಅಪ್ಪ ಬದುವಿನ ಮೇಲೆ ನಿಂತು ಏನೂ ಮಾತಾಡದೆ ನೋಡ್ತಿದ್ದದ್ದು ಇವತ್ತಿಗೂ ಕಣ್ಣಲ್ಲಿದೆ. ಖುಷಿಯೋ ಬೇಜಾರೋ ನನಗೆ ಆಗ ತಿಳೀಲಿಲ್ಲ. ಮಾರನೇ ವರ್ಷ ಒಂದು ಜೊತೆ ಎತ್ತು ಮಾರಿದ.

ಈಗ ಹರಾಜಿನ ವಿಚಾರ. ನಾವು ರೈತರು ಹರಾಜಿಗೆ ಹೊಸಬರಲ್ಲ, ಆದರೆ ಯಾವಾಗಲೂ ಮಾರೋ ಕಡೆ ನಿಂತಿರೋರು. ಮಾರ್ಕೆಟ್ಟಲ್ಲಿ ಕೊಬ್ಬರಿ ಇಟ್ಟು ಗೋಡೆಗೊರಗಿ ಕೂತಿರ್ತೀವಿ, ರೇಟು ಹಾಕೋರು ಬೇರೆ. ದನದ ಜಾತ್ರೇಲಿ ಟವೆಲ್ ಕೆಳಗೆ ಕೈ ಹಿಡಿದು ಬೆರಳಲ್ಲಿ ವ್ಯಾಪಾರ ಮಾಡ್ತೀವಿ, ಪಕ್ಕದವನಿಗೂ ರೇಟು ಗೊತ್ತಾಗಲ್ಲ. ಅದರಲ್ಲೊಂದು ಮರ್ಯಾದೆ ಇದೆ. ಕೊಡೋನು ಯಾರು, ತಗೊಳ್ಳೋನು ಯಾರು, ಯಾಕೆ ಮಾರ್ತಿದ್ದಾನೆ ಅನ್ನೋದೆಲ್ಲ ಕೈ ಹಿಡಿಯೋ ಮುಂಚೆ ಮಾತಾಗಿರುತ್ತೆ. "ಮಗಳ ಮದುವೆ ಅಣ್ಣ, ಇಲ್ಲದಿದ್ರೆ ಈ ಜೋಡಿ ಬಿಡ್ತಿರಲಿಲ್ಲ" ಅಂತಾನೆ ಅವನು. ನಾವೂ ಐನೂರು ಸಾವಿರ ಜಾಸ್ತಿ ಹಿಡೀತೀವಿ. ಕೂಗೋ ಹರಾಜಿನಲ್ಲಿ ಇದ್ಯಾವುದೂ ಇಲ್ಲ. ಒಂದು ನಂಬರು, ಒಂದು ವಸ್ತು, ಒಂದು ಸಾರಿ, ಎರಡು ಸಾರಿ, ಮೂರು ಸಾರಿ. ವಸ್ತುವಿನ ಹಿಂದಿರೋ ಮನುಷ್ಯ ಕಾಣಿಸಲ್ಲ. ನಾನು ಎಡವಿದ್ದು ಅಲ್ಲೇ.

ಹೋದ ವರ್ಷ, ಸಾಲ ಕೊಡೋ ಒಂದು ಸಂಸ್ಥೆಯವರು ಗೋಡೌನ್ ಹಿಂದೆ ಬಿದ್ದಿದ್ದ ಸಾಮಾನೆಲ್ಲ ಹರಾಜು ಹಾಕ್ತಾರೆ ಅಂತ ಗೊತ್ತಾಯ್ತು. ಸಂಸ್ಥೆ ಯಾವುದು ಅಂತ ಬರೆಯಲ್ಲ. ಪಟ್ಟಿಯಲ್ಲಿ ಎರಡು ಟ್ರೈಲರ್, ಮೂರು ಡೀಸೆಲ್ ಪಂಪ್‌ಸೆಟ್, ಒಂದು ಟ್ರ್ಯಾಕ್ಟರ್. ಹಿಂದಿನ ದಿನ ಮಾಲು ನೋಡೋಕೆ ಬಿಟ್ಟರು. ಹೋಗಿ ನೋಡಿದ್ರೆ ಸೀಮೆಜಾಲಿ ಮಧ್ಯೆ ನಮ್ಮ 2511. ಸೀಟಿನ ಕೆಳಗಿಂದ ಬೇವಿನ ಗಿಡ ಎದೆ ಮಟ್ಟ ಬೆಳೆದಿದೆ. ಟೈರು ನಾಕೂ ಸತ್ತಿವೆ. ಆದರೆ ಬಾನೆಟ್ಟು ಮೂಲದ್ದೇ, ಮಡ್‌ಗಾರ್ಡ್ ಮೂಲದ್ದೇ, ಯಾರೂ ಬೇರೆ ಬಣ್ಣ ಬಳಿದಿಲ್ಲ. ಮಡ್‌ಗಾರ್ಡ್ ಮೇಲೆ ಕೈಬರಹದಲ್ಲಿ ಒಂದು ಊರದೇವತೆ ಹೆಸರು, ಅರ್ಧ ಅಳಿಸಿದೆ. ನಾನು ಅದನ್ನ ಓದಿದೆ. ಓದಿ ಸುಮ್ಮನಾದೆ. ಆ ದೇವತೆ ಯಾವ ಊರಿನದು ಅಂತ ಒಂದು ಮಾತು ಕೇಳಿದ್ರೆ ಎಲ್ಲ ಗೊತ್ತಾಗ್ತಿತ್ತು. ಕೇಳಲಿಲ್ಲ. ನನ್ನ ಗಮನವೆಲ್ಲ ಎಂಜಿನ್ ಮೇಲೆ.

ಎಂಜಿನ್ ನೋಡೋ ಕ್ರಮ ಹೇಳಿಬಿಡ್ತೀನಿ, ಇದು ನಿಮಗೆ ಉಪಯೋಗಕ್ಕೆ ಬರುತ್ತೆ. ಸ್ಟಾರ್ಟ್ ಮಾಡೋಕೆ ಯಾರೂ ಬಿಡಲ್ಲ, ಮಾಡೋ ಸ್ಥಿತಿಯಲ್ಲೂ ಇರಲ್ಲ. ಮುಂದಿನ ಪುಲ್ಲಿಗೆ ಉದ್ದನೆ ರಾಡು ಕೊಟ್ಟು ನಿಧಾನಕ್ಕೆ ಒತ್ತಿ. ಒಂದು ನೂಲಿನಷ್ಟು ಅಲ್ಲಾಡಿದ್ರೂ ಸಾಕು, ಕ್ರ್ಯಾಂಕು ಜೀವಂತ ಇದೆ ಅಂತ ಅರ್ಥ. ಅಲ್ಲಾಡದಿದ್ರೆ ಲೈನರಿಗೆ ಪಿಸ್ಟನ್ ಕಚ್ಚಿಕೊಂಡಿದೆ. ಅದೂ ದೊಡ್ಡ ವಿಷಯವಲ್ಲ, ಇಂಜೆಕ್ಟರ್ ಬಿಚ್ಚಿ ಆ ತೂತಲ್ಲಿ ಡೀಸೆಲ್ಲು, ಎಂಜಿನ್ ಆಯಿಲ್ಲು ಬೆರೆಸಿ ಹಾಕಿ ಹತ್ತು ಹದಿನೈದು ದಿನ ಬಿಟ್ರೆ ಸುಮಾರು ಎಂಜಿನ್ ಬಿಡ್ತವೆ. ಅವಸರ ಪಟ್ಟು ಇನ್ನೊಂದು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿದ್ರೆ ಕನೆಕ್ಟಿಂಗ್ ರಾಡು ಬಾಗುತ್ತೆ. ಗೇರ್‌ಬಾಕ್ಸಿನ ಕೆಳಗಿನ ಬೋಲ್ಟು ಕಾಲು ಸುತ್ತು ಸಡಿಲ ಮಾಡಿ ನೋಡಿ. ಮೊದಲು ನೀರು ಬಂದ್ರೆ ಒಳಗೆ ಮಳೆ ನೀರು ಇಳಿದಿದೆ, ಬೇರಿಂಗು ತುಕ್ಕು ಹಿಡಿದಿರುತ್ತೆ, ರೇಟು ಇಳಿಸಿ. ಚಾಸಿ ನಂಬರು, ಎಂಜಿನ್ ನಂಬರು ಹರಾಜು ಪಟ್ಟಿಯಲ್ಲಿರೋದಕ್ಕೆ ತಾಳೆ ಆಗುತ್ತಾ ಅಂತ ಚಾಕ್‌ಪೀಸ್ ತಿಕ್ಕಿ ನೋಡಿ. ಇದನ್ನ ಮರೆತ್ರೆ ಆಮೇಲೆ ಆರ್‌ಟಿಓ ಆಫೀಸಿನ ಕಟ್ಟೆ ಮೇಲೆ ಎಷ್ಟು ದಿನ ಕೂರ್ತೀರೋ ದೇವರೇ ಬಲ್ಲ.

ಲೈನರು ಪಿಸ್ಟನ್ನಿಗೆ ಹೆದರಬೇಡಿ. ಜೀಟರಿನವರು ಎರಡು, ಮೂರು, ನಾಕು ಸಿಲಿಂಡರಿನವನ್ನ ಒಂದೇ ಅಚ್ಚಿನಲ್ಲಿ ಮಾಡಿದ್ರು. ಹಾಗಾಗಿ 2511ಕ್ಕೂ ಅದರಣ್ಣ ಮೂರು ಸಿಲಿಂಡರಿನ 3511ಕ್ಕೂ ಸುಮಾರು ಪಾರ್ಟು ಒಂದಕ್ಕೊಂದು ಹೊಂದ್ತವೆ. ನನ್ನ ಗಾಡಿಯಲ್ಲಿದ್ದ ಡೀಸೆಲ್ ಪಂಪು ಬೆಂಗಳೂರಿನ ಮೈಕೋದ್ದು, ಅದನ್ನ ರಿಪೇರಿ ಮಾಡೋರು ಇನ್ನೂ ಇದ್ದಾರೆ. ಸಿಗದೇ ಇರೋದು ತಗಡಿನ ಸಾಮಾನು: ಬಾನೆಟ್ಟು, ಗ್ರಿಲ್ಲು, ಮೀಟರ್ ಡಬ್ಬಿ. ಅದಕ್ಕೇ ಹೇಳೋದು, ಎಂಜಿನ್ ಕೆಟ್ಟಿದ್ರೂ ತಗಡು ಪೂರ್ತಿ ಇರೋ ಗಾಡಿ ತಗೊಳ್ಳಿ. ಎಂಜಿನ್ ಚೆನ್ನಾಗಿದ್ದು ತಗಡು ಹೋಗಿರೋದನ್ನ ಬಿಡಿ.

ಮಾರನೇ ದಿನ ಹರಾಜು. ಹತ್ತು ಸಾವಿರ ಠೇವಣಿ ಕಟ್ಟಿ ಟೋಕನ್ ತಗೊಂಡೆ. ಗುಜರಿಯವರು ಐದಾರು ಜನ ಒಂದೇ ಕಡೆ ಟೀ ಕುಡೀತಾ ನಿಂತಿದ್ರು. ಅವರದ್ದು ಒಳಗೊಳಗೇ ಮಾತಾಗಿರುತ್ತೆ, ಒಬ್ಬರ ಮೇಲೊಬ್ಬರು ಕೂಗಲ್ಲ, ಆಚೆ ಹೋಗಿ ಹಂಚಿಕೊಳ್ತಾರೆ. ಅವರ ಲೆಕ್ಕ ಸುಲಭ. ಒಂದೂವರೆ ಟನ್ನಿನ ಆಸುಪಾಸು ಕಬ್ಬಿಣ, ಕೆಜಿಗೆ ಇಷ್ಟು. ಆ ಲೆಕ್ಕ ದಾಟಿ ಒಂದು ರೂಪಾಯಿ ಮೇಲೆ ಹೋಗಲ್ಲ. ಇದೊಂದು ತಿಳಿದಿದ್ರೆ ನಿಮಗೆ ಹರಾಜಿನಲ್ಲಿ ಹೆದರಿಕೆ ಇರಲ್ಲ. ಇಪ್ಪತ್ತೈದು ಸಾವಿರಕ್ಕೆ ಸವಾಲು ಶುರುವಾಗಿ ನಲವತ್ತೊಂದಕ್ಕೆ ಅವರು ನಿಂತ್ರು. ನನ್ನ ಎಣಿಕೆ ಸರಿಯಾಗಿತ್ತು ಅಂತ ಒಳಗೇ ಹಿಗ್ಗಿದೆ.

ಆದರೆ ಇನ್ನೊಬ್ಬ ನಿಲ್ಲಲಿಲ್ಲ. ನಲವತ್ತು ನಲವತ್ತೈದರ ವಯಸ್ಸು, ಬಿಳಿ ಶರ್ಟು, ಗೋಡೆ ಪಕ್ಕ ಒಬ್ಬನೇ ನಿಂತಿದ್ದ. ನಾನು ಐನೂರು ಏರಿಸಿದ್ರೆ ಅವನೂ ಐನೂರು. ಯಾವುದೋ ರೆಸಾರ್ಟಿನ ಏಜೆಂಟ್ ಇರಬೇಕು ಅಂದುಕೊಂಡು ನನಗೆ ಹಠ ಬಂತು. ನಲವತ್ತಾರಕ್ಕೆ ಅವನು ಜೇಬು ಮುಟ್ಟಿ ನೋಡಿಕೊಂಡ. ನಾನು ನಲವತ್ತಾರೂವರೆ ಅಂದೆ. ಅವನು ತಲೆ ತಗ್ಗಿಸಿ ಆಚೆ ಹೋದ. ಒಂದು ಸಾರಿ, ಎರಡು ಸಾರಿ, ಮೂರು ಸಾರಿ. ಗಾಡಿ ನನ್ನದಾಯ್ತು. ಜೇಬು ಮುಟ್ಟಿದ್ದನ್ನ ನಾನು ಕಣ್ಣಾರೆ ನೋಡಿದ್ದೆ. ಏಜೆಂಟಾದೋನು ಜೇಬು ಮುಟ್ಟಲ್ಲ, ಫೋನ್ ಮಾಡ್ತಾನೆ. ಅಷ್ಟೂ ಹೊಳೀಲಿಲ್ಲ.

ಮೂರು ವಾರ ಆದ ಮೇಲೆ ಗೊತ್ತಾಯ್ತು. ಬೇವಿನ ಗಿಡ ಕಿತ್ತು ಲಾರಿಗೆ ಏರಿಸಿ ಮನೆಗೆ ತಂದಿದ್ದೆ. ನೋಡೋಕೆ ಬಂದ ಒಬ್ಬರು ಮಡ್‌ಗಾರ್ಡ್ ಮೇಲಿನ ಹೆಸರು ಓದಿ, "ಇದು ಇಂಥಾ ಊರಿನ ಇಂಥವರ ಗಾಡಿ ಅಲ್ವಾ? ಅವರ ಮಗನೂ ಹರಾಜಿಗೆ ಹೋಗಿದ್ನಂತೆ, ದುಡ್ಡು ಸಾಲಲಿಲ್ಲವಂತೆ" ಅಂದ್ರು. ಪಕ್ಕದ ಹೋಬಳಿ, ನಮ್ಮಿಂದ ಹನ್ನೆರಡು ಕಿಲೋಮೀಟರು. ಆ ಯಜಮಾನರು 1979ರಲ್ಲಿ ಬುಕ್ ಮಾಡಿ ಕಾದು ತಂದಿದ್ದ ಗಾಡಿ. 2001ರಿಂದ ಮೂರು ವರ್ಷ ಸಾಲಾಗಿ ಬರ ಬಿತ್ತಲ್ಲ, ನಿಮಗೆಲ್ಲ ನೆನಪಿದೆ. ಆಗ ಎರಡು ಬೋರು ಕೊರೆಸಿ ಎರಡೂ ಫೇಲಾಗಿ, ಆ ಸಾಲಕ್ಕೆ ಟ್ರ್ಯಾಕ್ಟರ್ ಎಳಕೊಂಡು ಹೋಗಿದ್ರು. ಕೇಸು, ವಾಯಿದೆ ಅಂತ ಇಪ್ಪತ್ತು ವರ್ಷ ಅಲ್ಲೇ ಕೊಳೆಯಿತು. ಸಾಲಕ್ಕೆ ಹಿಡಿದ ವಸ್ತು ಸಾಲಗಾರನಿಗೂ ಇಲ್ಲ, ಕೊಟ್ಟವರಿಗೂ ಇಲ್ಲ, ಬೇವಿನ ಗಿಡಕ್ಕೆ ಆಯ್ತು.

ಆ ರಾತ್ರಿ ನಿದ್ದೆ ಬರಲಿಲ್ಲ ಅಂದ್ರೆ ನೀವು ನಗಬಹುದು. ನಾನು ಚಿಕ್ಕೋನಿದ್ದಾಗ ಊರಲ್ಲಿ ಒಂದು ಕಟ್ಟು ಇತ್ತು. ಯಾರದ್ದಾದ್ರೂ ಮನೆ ಸಾಮಾನು ಜಪ್ತಿಯಾಗಿ ಹರಾಜಿಗೆ ಬಂದ್ರೆ ಊರಿನವರು ಕೂಗ್ತಿರಲಿಲ್ಲ. ಪಾತ್ರೆ ಇರಲಿ, ಬಾಗಿಲು ಇರಲಿ, ಎತ್ತು ಇರಲಿ. ಎಂಬತ್ತರ ದಶಕದಲ್ಲಿ ರೈತಸಂಘ ಜೋರಾಗಿದ್ದಾಗ ಅಧಿಕಾರಿಗಳು ಅನುಮತಿ ಇಲ್ಲದೆ ಒಳಗೆ ಬರಬೇಡಿ ಅಂತ ಊರ ಬಾಗಿಲಲ್ಲೇ ಬೋರ್ಡು ಹಾಕಿದ್ದದ್ದು ನಮ್ಮ ವಯಸ್ಸಿನವರು ನೋಡಿದ್ದೀರಿ. ಹಸಿರು ಟವೆಲ್ ಈಗಲೂ ನಮ್ಮ ಹೆಗಲ ಮೇಲಿದೆ. ಅದೇ ಟವೆಲ್ ಹಾಕ್ಕೊಂಡು ನಾನು ಒಬ್ಬ ರೈತನ ಜಪ್ತಿಯಾದ ಗಾಡಿಗೆ ಅವನ ಮಗನ ಮೇಲೇ ಕೂಗಿ ಗೆದ್ದು ಬಂದಿದ್ದೆ.

"ನೀನು ಕೂಗದಿದ್ರೆ ಗುಜರಿಯವರು ತಗೊಂಡು ಒಡೆದು ಹಾಕ್ತಿದ್ರು" ಅಂತ ನಮ್ಮ ಮನೆಯವಳು ಸಮಾಧಾನ ಹೇಳಿದ್ಲು. ಅದು ಸುಳ್ಳು. ಗುಜರಿಯವರು ನಲವತ್ತೊಂದಕ್ಕೇ ನಿಂತಿದ್ರು. ನಾನು ಕೂಗದಿದ್ರೆ ಅದು ನಲವತ್ತೊಂದೂವರೆಗೆ ಆ ಹುಡುಗನಿಗೆ ಆಗ್ತಿತ್ತು.

ನನ್ನ ಅಭಿಪ್ರಾಯ ಇಷ್ಟು. ಹರಾಜಿನಲ್ಲಿ ಎರಡು ಜಾತಿ ಇವೆ. ಸರ್ಕಾರಿ ಫಾರಂ, ಇಲಾಖೆ, ಕಾಲೇಜಿನ ಹಳೇ ಗಾಡಿಗಳದ್ದು ಒಂದು. ಹದಿನೈದು ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿ 2023ರ ಏಪ್ರಿಲ್‌ನಿಂದ ಮುಂದುವರಿಸಲ್ಲ ಅಂತ ಕೇಂದ್ರದ ಆದೇಶ ಆದಮೇಲೆ ಹಾಗೆ ಹೊರಬೀಳೋವು ಹೆಚ್ಚು ನೇರವಾಗಿ ಗುಜರಿ ದಾರಿ ಹಿಡೀತವೆ, ಆದರೂ ಹಿಂದೆ ಹರಾಜಾಗಿ ಯಾರದೋ ಕೈಲಿ ನಿಂತಿರೋವು ಇನ್ನೂ ಇವೆ. ಅಂಥವಕ್ಕೆ ಧಾರಾಳವಾಗಿ ಕೂಗಿ, ಯಾರ ಕಣ್ಣೀರೂ ಇಲ್ಲ. ಇನ್ನೊಂದು ಸಾಲಕ್ಕೆ ಹಿಡಿದವು. ಅದಕ್ಕೆ ಕೂಗೋ ಮುಂಚೆ ಪಟ್ಟಿಯಲ್ಲಿರೋ ಹೆಸರು ನೋಡಿ, ಆ ಊರಿಗೆ ಒಂದು ಫೋನ್ ಹಾಕಿ. ಮನೆಯವರು ಬಿಡಿಸಿಕೊಳ್ಳೋಕೆ ಬರ್ತಿದ್ದಾರಾ ಅಂತ ಕೇಳಿ. ಬರ್ತಿದ್ರೆ ಹೋಗಿ ಅವರ ಪಕ್ಕ ನಿಂತ್ಕೊಳ್ಳಿ, ಐದು ಸಾವಿರ ಕಮ್ಮಿ ಬಿದ್ರೆ ಕೈಗಡ ಕೊಡಿ. ಬರಲ್ಲ ಅಂದ್ರೆ ಆಗ ಕೂಗಿ. ಇದರಿಂದ ಎಷ್ಟೋ ಒಳ್ಳೇ ಗಾಡಿ ಕೈತಪ್ಪುತ್ತೆ ಅಂತ ಕೆಲವರು ಹೇಳ್ತೀರಿ. ತಪ್ಪಲಿ ಬಿಡಿ.

ಇನ್ನು ಉಳಿಸೋದು ಅಂದ್ರೇನು ಅಂತ. ಇಂಗ್ಲೆಂಡ್ ಅಮೆರಿಕದಲ್ಲಿ ಹಳೇ ಟ್ರ್ಯಾಕ್ಟರಿಗೇ ಅಂತ ಹರಾಜು ನಡೆಯೋದನ್ನ ಮೊಬೈಲಲ್ಲಿ ನೋಡ್ತಿರ್ತೀವಿ. ಅಲ್ಲಿ ಫರ್ಗುಸನ್ ಟಿಇ20 ಅಂತ ಬೂದು ಬಣ್ಣದ ಪುಟ್ಟ ಗಾಡಿ, 1946ರಿಂದ ಹತ್ತು ವರ್ಷದಲ್ಲಿ ಐದು ಲಕ್ಷದ ಮೇಲೆ ಮಾಡಿದ್ರು. ನಮ್ಮ ಇವತ್ತಿನ ಟ್ರ್ಯಾಕ್ಟರ್‌ಗಳ ಹಿಂದಿರೋ ಮೂರು ಕೊಂಡಿಯ ಲಿಫ್ಟು ಆ ಫರ್ಗುಸನ್ ಮನುಷ್ಯ ಬಳಕೆಗೆ ತಂದದ್ದೇ. ಅಷ್ಟು ಮಾಡಿದ್ದಕ್ಕೆ ಅವರಿಗೆ ಪಾರ್ಟು ಸಿಗ್ತದೆ, ಶೆಡ್ಡು ಇದೆ, ಬಿಡುವು ಇದೆ. ನಮ್ಮಲ್ಲಿ ನಡೀತಿರೋದು ಬೇರೆ. ಮಲೆನಾಡು ಕಡೆ ರೆಸಾರ್ಟ್ ಗೇಟುಗಳಲ್ಲಿ ನೋಡಿದ್ದೀನಿ. ಎಂಜಿನ್ ಒಳಗಿನದ್ದೆಲ್ಲ ಕಿತ್ತು ಮಾರಿ, ಹೊರಗೆ ಕೆಂಪು ಪೇಂಟು ಹೊಡೆದು, ಸೀಟಿನ ಮೇಲೆ ಹೂವಿನ ಕುಂಡ ಇಟ್ಟಿರ್ತಾರೆ. ಮಕ್ಕಳು ಹತ್ತಿ ಫೋಟೋ ತೆಗೆಸ್ಕೊಳ್ತವೆ. ಅದು ಉಳಿಸಿದ್ದಲ್ಲ. ಸತ್ತ ಎತ್ತಿಗೆ ಕೊಂಬಣಸು ಹಾಕಿ ನಿಲ್ಲಿಸಿದ ಹಾಗೆ.

ಸರ್ಕಾರದ ಕಾನೂನೂ ಹಾಗೇ ಇದೆ. 2021ರಲ್ಲಿ ವಿಂಟೇಜ್ ಗಾಡಿಗೆ ಅಂತ ನಿಯಮ ಮಾಡಿದ್ರು. ಐವತ್ತು ವರ್ಷ ಆಗಿರಬೇಕು, ಮೂಲ ರೂಪದಲ್ಲಿರಬೇಕು, ಹೊಸ ನೋಂದಣಿಗೆ ಇಪ್ಪತ್ತು ಸಾವಿರ ಕಟ್ಟಬೇಕು, ಹತ್ತು ವರ್ಷಕ್ಕೆ ಸಿಗುತ್ತೆ. ರಸ್ತೆಗೆ ಇಳಿಸೋದು ಪ್ರದರ್ಶನ, ರ‍್ಯಾಲಿ, ರಿಪೇರಿ, ಡೀಸೆಲ್ಲು ಇಂಥದ್ದಕ್ಕೆ ಮಾತ್ರ, ದಿನದ ಕೆಲಸಕ್ಕೆ ಬಳಸಂಗಿಲ್ಲ. ಬರೆದವರ ಕಣ್ಣ ಮುಂದೆ ಇದ್ದದ್ದು ಸಾಹೇಬರ ಕಾರು, ನಮ್ಮ ಟ್ರ್ಯಾಕ್ಟರ್ ಅಲ್ಲ. ನನ್ನದಕ್ಕೆ ಐವತ್ತಾಗೋದು 2029ಕ್ಕೆ. ಆದಾಗಲೂ ನಾನು ಆ ಕಡೆ ಹೋಗಲ್ಲ. ಟ್ರ್ಯಾಕ್ಟರ್ ಉಳಿಯೋದು ಕೆಲಸ ಮಾಡಿದ್ರೆ. ಲಿಫ್ಟಿನ ಸೀಲು, ಪಂಪಿನ ಪ್ಲಂಜರು, ಇವೆಲ್ಲ ಓಡದೆ ನಿಂತಷ್ಟೂ ಬೇಗ ಹಾಳಾಗ್ತವೆ. ವಾರಕ್ಕೊಂದು ದಿನ ಬಿಸಿಯಾಗೋವರೆಗೂ ಓಡಿಸಬೇಕು, ವರ್ಷಕ್ಕೆ ಎರಡು ಎಕರೆ ರಾಗಿ ಹೊಲಕ್ಕಾದ್ರೂ ಕುಂಟೆ ಹೊಡೀಬೇಕು, ಕಣದಲ್ಲಿ ರೋಣಗಲ್ಲು ಎಳೀಬೇಕು. ಬಣ್ಣದ ವಿಚಾರಕ್ಕೆ ನಮ್ಮ ಮಗ ನನ್ನ ಮೇಲೆ ಮುನಿಸಿಕೊಂಡಿದ್ದಾನೆ, ಹೊಸ ಪೇಂಟು ಹೊಡೆಸೋಣ ಅಂತ. ನಾನು ತುಕ್ಕು ತಿಕ್ಕಿ ಎಣ್ಣೆ ಸವರಿದ್ದೀನಿ, ಅಷ್ಟೇ. ಮಡ್‌ಗಾರ್ಡ್ ಮೇಲಿನ ಆ ಹೆಸರನ್ನ ಮುಟ್ಟಿಲ್ಲ.

ಕಾಗದದ ವಿಷಯ ಮರೀಬೇಡಿ. ಬಹಿರಂಗ ಹರಾಜಿನಲ್ಲಿ ತಗೊಂಡ ಗಾಡಿಗೆ ಫಾರಂ 32, ಗಾಡಿ ಕೈಗೆ ಬಂದ ಮೂವತ್ತು ದಿನದೊಳಗೆ ಕೊಡಬೇಕು. ಹರಾಜು ಮಾಡಿದವರ ಸಹಿ ಇರೋ ಮಾರಾಟ ದೃಢೀಕರಣ ಪತ್ರ ಬೇಕು. ಆರ್‌ಸಿಯಲ್ಲಿ ಸಾಲದ ನಮೂದು ಇದ್ರೆ ಅದನ್ನ ತೆಗೆಸೋಕೆ ಫಾರಂ 35 ಬೇರೆ. ಎರಡನ್ನೂ ಹರಾಜಿನ ದಿನವೇ ಕೇಳಿ, ದುಡ್ಡು ಕಟ್ಟಿ ಆದ ಮೇಲೆ ಯಾರೂ ಫೋನ್ ಎತ್ತಲ್ಲ.

ಲೆಕ್ಕ ಹೇಳ್ತೀನಿ ಅಂದಿದ್ದೆ. ಸವಾಲು 46,500, ಅದಕ್ಕೆ ಹದಿನೆಂಟು ಪರ್ಸೆಂಟ್ ಜಿಎಸ್‌ಟಿ 8,370. ಲಾರಿ 5,000. ಪಂಪು, ಇಂಜೆಕ್ಟರ್ 9,500. ಲೈನರ್ ಪಿಸ್ಟನ್ ಸೆಟ್ಟು, ಹೆಡ್ ಕೆಲಸ, ಕೂಲಿ ಸೇರಿ 24,000. ಹಳೇ ಟೈರು 16,000. ಬ್ಯಾಟರಿ 5,500. ಒಟ್ಟು 1,14,870. ಈ ದುಡ್ಡಿಗೆ ಓಡೋ ಸೆಕೆಂಡ್‌ಹ್ಯಾಂಡ್ ಟ್ರ್ಯಾಕ್ಟರೇ ಬರ್ತಿತ್ತು ಅನ್ನೋರು ಸರಿಯಾಗೇ ಹೇಳ್ತಿದ್ದೀರಿ. ಲಾಭಕ್ಕೆ ಅಂತ ಯಾರೂ ಈ ಕೆಲಸಕ್ಕೆ ಇಳಿಬೇಡಿ.

ಆ ಮನೆಗೆ ಹೋದೆ. ಹೋಗೋಕೆ ಎಂಟು ದಿನ ಧೈರ್ಯ ಸಾಲಲಿಲ್ಲ. "ಸವಾಲಿನ ದುಡ್ಡು ಕೊಡು, ಗಾಡಿ ತಗೋ, ಜಿಎಸ್‌ಟಿ ನನ್ನ ತಲೆ ಮೇಲಿರಲಿ" ಅಂದೆ ಮಗನಿಗೆ. ಅವನು ತುಂಬಾ ಹೊತ್ತು ಯೋಚನೆ ಮಾಡಿ ಬೇಡ ಅಂದ. ಆ ದುಡ್ಡು ಅಷ್ಟರಲ್ಲಿ ಮಗಳ ಕಾಲೇಜು ಫೀಸಿಗೆ ಹೋಗಿತ್ತಂತೆ. "ಅಪ್ಪನಿಗೆ ಒಂದು ಸಾರಿ ಕೇಳಿಸಿಬಿಡಿ ಅಣ್ಣ, ಕಣ್ಣು ಕಾಣಲ್ಲ ಅವರಿಗೆ" ಅಂದ. ನಾನು ಯಾವತ್ತಾದರೂ ಮಾರಿದ್ರೆ ಮೊದಲು ಅವರಿಗೇ, ಅದೇ 46,500ಕ್ಕೆ ಅಂತ ಒಂದು ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಟ್ಟಿದ್ದೀನಿ. ಅವನು ನಕ್ಕು ಗೋಡೆಯ ಕ್ಯಾಲೆಂಡರಿಗೆ ಸಿಕ್ಕಿಸಿದ.

ಎಂಜಿನ್ ಕೂಡಿಸಿದ ಮೇಲೆ, ಈ ಆಯುಧಪೂಜೆಯ ಮಾರನೇ ದಿನ ಓಡಿಸಿಕೊಂಡು ಹೋದೆ. ಹನ್ನೆರಡು ಕಿಲೋಮೀಟರಿಗೆ ಒಂದು ಗಂಟೆ ಹಿಡೀತು. ಜಗಲಿ ಮುಂದೆ ನಿಲ್ಲಿಸಿ ಎಂಜಿನ್ ಆಫ್ ಮಾಡಲಿಲ್ಲ. ಎಂಬತ್ತು ದಾಟಿದ ಯಜಮಾನರು ಕಂಬ ಹಿಡಿದು ಎದ್ದು ಬಂದ್ರು. ಮಡ್‌ಗಾರ್ಡ್ ತಡವಿದ್ರು, ಬಾನೆಟ್ ತಡವಿದ್ರು. ನಾನು ಏನೋ ಅಳ್ತಾರೆ ಅಂದುಕೊಂಡಿದ್ದೆ. ಅವರು ತಲೆ ವಾಲಿಸಿ ಸ್ವಲ್ಪ ಹೊತ್ತು ಕೇಳಿ, "ಹಿಂದಿನ ಸಿಲಿಂಡರ್ ಸರಿಯಾಗಿ ಹೊಡೀತಿಲ್ಲ ಕಣಯ್ಯ, ಇಂಜೆಕ್ಟರ್ ಯಾರು ನೋಡಿದ್ದು?" ಅಂತ ಬೈದ್ರು. ಮನೆಗೆ ಬಂದು ಬಿಚ್ಚಿ ನೋಡಿದ್ರೆ ಹಿಂದಿನ ಇಂಜೆಕ್ಟರಿನ ನಾಜಲ್ ಸೋರ್ತಿತ್ತು. ಹೊಸದು ಹಾಕಿಸಿದ್ದೀನಿ, ಆ ದುಡ್ಡು ಮೇಲಿನ ಲೆಕ್ಕದಲ್ಲಿ ಸೇರಿಲ್ಲ. ಸಂಕ್ರಾಂತಿಗೆ ಇನ್ನೊಂದು ಸಾರಿ ತರಬೇಕಂತೆ, ಕ್ಲಚ್ಚೂ ಪರೀಕ್ಷೆ ಮಾಡ್ತಾರಂತೆ.

ಈಗ ನನಗೆ ಬೇಕಾಗಿರೋದು 2511ರ ಮೀಟರ್ ಡಬ್ಬಿ ಮತ್ತು ಎಡಗಡೆ ಲೈಟಿನ ಬಟ್ಟಲು. ತಗಡು ಸೊಟ್ಟ ಇದ್ರೂ ಪರವಾಗಿಲ್ಲ, ತಟ್ಟಿಸ್ಕೊಳ್ತೀನಿ. ನಿಮ್ಮ ಕೊಟ್ಟಿಗೆ ಅಟ್ಟದಲ್ಲೋ ಹಳೇ ಶೆಡ್ಡಿನಲ್ಲೋ ಬಿದ್ದಿದ್ರೆ ಗುಜರಿಗೆ ಹಾಕೋ ಮುಂಚೆ ನನಗೊಂದು ಮಾತು ಹೇಳಿ. ಸಾಮಾನಿನ ಜೊತೆ ಅದು ಯಾರ ಗಾಡಿಯದ್ದು ಅಂತಾನೂ ಹೇಳಿ.